ಮೂರು ಕೈ ಬಿಗಿದ ಬೋಲ್ಟು

ಲಾರಿ ಅವತ್ತೂ ಕೆಮ್ಮಿತು, ಒಂದಿಷ್ಟು ಹೊಗೆ ಉಗುಳಿತು, ಸುಮ್ಮನಾಯಿತು. ಅವಳು ಸ್ಟೇರಿಂಗ್ ಮೇಲೆ ಹಣೆಯಿಟ್ಟು ದೇವರನ್ನೂ ಮಾವನನ್ನೂ ಒಟ್ಟಿಗೇ ಬೈದುಕೊಂಡಳು. ದೇವರು ಕಣ್ಣಿಗೆ ಬೀಳುವವನಲ್ಲ. ಲಾರಿಯನ್ನು ಅವಳ ಕೈಗೆ ಒಪ್ಪಿಸಿ ನಿವೃತ್ತರಾದ ಮಾವ ಮಾತ್ರ ಬಾನೆಟ್ಟಿನ ಪಕ್ಕದಲ್ಲೇ ನಿಂತಿದ್ದರು.

"ಡೀಸೆಲ್ ಪೈಪಲ್ಲಿ ಏರ್ ಹಿಡಿದಿದೆ ಕಣಮ್ಮ."

"ಗೊತ್ತು ಮಾವ. ನಿನ್ನೇನೂ ಹಿಡಿದಿತ್ತು, ಮೊನ್ನೇನೂ ಹಿಡಿದಿತ್ತು. ಎಲ್ಲಿಂದ ಹಿಡೀತಿದೆ, ಅದನ್ನ ಹೇಳಿ."

"ಅದನ್ನ ಹೇಳೋಕೆ ನಾನೇನು ಗಾಳೀನಾ?"

ಹಲ್ಲು ಕಚ್ಚಿಕೊಂಡು ಕೆಳಗಿಳಿದಳು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿದಳು. ಹೆಬ್ಬೆರಳು ಸತ್ತುಹೋಯಿತು. ತರಕಾರಿ ಮಾರುಕಟ್ಟೆ ಮುಟ್ಟುವಷ್ಟರಲ್ಲಿ ಉಳಿದ ಲಾರಿಗಳೆಲ್ಲ ತುಂಬಿಕೊಂಡು ಹೋಗಿದ್ದವು. ಅಲ್ಲಿನ ಮ್ಯಾನೇಜರ್ ಕೂಗಾಡಲಿಲ್ಲ, ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

"ನಾಳೆ ಒಂದಿನ ನೋಡ್ತೀನಮ್ಮ. ನಾಳೇನೂ ಹೀಗೇ ಆದ್ರೆ ಈ ಬಾಡಿಗೆ ಬೇರೆ ಲಾರಿಗೆ. ಆಮೇಲೆ ಅಣ್ಣಾ ಗಿಣ್ಣಾ ಅನ್ಬೇಡ."

ಮನೆ ನಡೆಯುತ್ತಿದ್ದದ್ದೇ ಆ ಬಾಡಿಗೆಯ ಮೇಲೆ. ಅವಳ ಗಂಡನ ಹೊಲಿಗೆ ಯಂತ್ರ ವಾರಕ್ಕೊಮ್ಮೆ ಸದ್ದು ಮಾಡಿದರೆ ಹೆಚ್ಚು.

ಮಧ್ಯಾಹ್ನ ಲಾರಿ ರಿಪೇರಿಯ ಮೇಸ್ತ್ರಿಯನ್ನು ಮನೆಗೆ ಎಳೆದುಕೊಂಡೇ ಬಂದಳು. ಫಿಲ್ಟರ್ ಹೊಸದು, ಟ್ಯೂಬು ಹೊಸದು, ಇನ್ನೇನು ಉಳಿದಿದೆ ಎಂದು ಗೊಣಗುತ್ತಲೇ ಅವನು ಟ್ಯಾಂಕಿನಿಂದ ಹೊರಟ ಪೈಪಿನ ಗುಂಟ ಬೆರಳಾಡಿಸುತ್ತ ಬಂದ. ಪೈಪು ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಸೇರುವಲ್ಲಿನ ಬೋಲ್ಟಿಗೆ ಪಾನಾ ಹಾಕಿದ. ಜಪ್ಪಯ್ಯ ಅಂದರೂ ಕದಲಲಿಲ್ಲ. ಪಾನಾ ಹಿಡಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ, ಮೈಭಾರ ಬಿಟ್ಟು ಎಳೆದ ಮೇಲೆ ಕಿರ್‍ರೆಂದು ಬಿಟ್ಟುಕೊಂಡಿತು.

"ಇದನ್ನ ಯಾರು ಬಿಗಿದದ್ದು?"

"ದಿನಾ ಸಂಜೆ ಸುಮ್ನೆ ಒಂದು ಕೈ ನೋಡ್ತೀನಪ್ಪ, ಅಷ್ಟೇ," ಎಂದರು ಮಾವ.

ಕೊರಳಲ್ಲಿ ಟೇಪು ನೇತುಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಗಂಡ ಗಂಟಲು ಸರಿಮಾಡಿಕೊಂಡ. "ನಾನೂ ಬೆಳಗ್ಗೆ ಎದ್ದ ಕೂಡ್ಲೆ ಒಂಚೂರು..."

"ನಿಮಗೇನ್ರೀ ಗೊತ್ತು ಇಂಜಿನ್ ವಿಷಯ?"

"ಏನೂ ಗೊತ್ತಿಲ್ಲ ಕಣೇ. ಬಿಗಿಯೋಕೆ ಏನು ಗೊತ್ತಿರಬೇಕು?"

ಅವಳು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಅವಳತ್ತ ತಿರುಗಿದ. "ಅಕ್ಕ, ನೀವು?"

ಏರ್ ತೆಗೆದಾದ ಮೇಲೆ ಅದೇ ಬೋಲ್ಟಿಗೆ ಅವಳೂ ದಿನಾ ಪಾನಾ ಹಾಕಿ ಒಂದು ಬಿಗಿ ಕೊಡುತ್ತಿದ್ದಳು.

ಮೇಸ್ತ್ರಿ ಆ ಬೋಲ್ಟಿನಡಿಯ ತಾಮ್ರದ ವಾಷರನ್ನು ಅಂಗೈ ಮೇಲಿಟ್ಟು ತೋರಿಸಿದ. ಬಿಗಿತಕ್ಕೆ ಜಜ್ಜಿಹೋಗಿ, ಕಾಗದದಷ್ಟು ತೆಳ್ಳಗಾಗಿ ಅಂಚು ಬಿರುಕುಬಿಟ್ಟಿತ್ತು. "ಇಲ್ಲಿ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ನುಗ್ಗತ್ತೆ. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಲಾರಿ ನಿಂತ್ರೆ ಡೀಸೆಲ್ ವಾಪಸ್ ಟ್ಯಾಂಕಿಗೆ. ಏರ್ ಬಂತು ಅಂತ ನೀವು ಬಿಗಿಯೋದು, ನೀವು ಬಿಗಿದ್ರಿ ಅಂತ ಏರ್ ಬರೋದು. ಚೆನ್ನಾಗಿದೆ ನಿಮ್ಮ ಸಂಸಾರ!"

ಹೊಸ ವಾಷರು ಹಾಕಿ, ಬರೀ ಮಣಿಕಟ್ಟಿನ ಬಲದಲ್ಲಿ ಬಿಗಿದು ನಿಲ್ಲಿಸಿದ. ಮನೆಯಲ್ಲಿದ್ದ ಆ ಅಳತೆಯ ಪಾನಾಗಳನ್ನೆಲ್ಲ ಆರಿಸಿ ತನ್ನ ಚೀಲಕ್ಕೆ ಹಾಕಿಕೊಂಡು ಹೊರಟ.

ಸಂಜೆ ಕಸ ಚೆಲ್ಲಲು ಹೊರಗೆ ಬಂದರೆ ಮಾವ ಲಾರಿಯನ್ನು ಪ್ರದಕ್ಷಿಣೆ ಹಾಕುತ್ತಿದ್ದರು. ಒಂದು ಕೈ ಬೆನ್ನ ಹಿಂದೆ.

"ಏನು ಮಾವ?"

"ಸುಮ್ನೆ ಗಾಳಿಗೆ ಬಂದೆ."

"ಗಾಳಿ ಸಾಕಾಗಿದೆ. ಆ ಇಕ್ಕಳ ಕೊಟ್ಟು ಒಳಗೆ ನಡೀರಿ."

ಇಕ್ಕಳ ಅವಳ ಕೈಗೆ ಬಂತು. ಮಾವ ಒಳಗೆ ಹೋದರು. ಒಂದೇ ಒಂದು ಸುತ್ತು ಬಿಗಿದರೆ ಏನಾದೀತು ಎಂದು ಅವಳ ಬೆರಳುಗಳೇ ತುರಿಸತೊಡಗಿದವು. ಛೆ! ಇಕ್ಕಳವನ್ನು ಮನೆಯ ಚಾವಣಿ ಮೇಲಕ್ಕೆ ಎಸೆದುಬಿಟ್ಟಳು.

ಬೆಳಗ್ಗೆ ಲಾರಿ ಒಂದೇ ಸಲಕ್ಕೆ ಹತ್ತಿಕೊಂಡಿತು. ಮಾರುಕಟ್ಟೆಗೆ ಹೊತ್ತಿಗೆ ಮುಂಚೆಯೇ ಮುಟ್ಟಿದಳು. ಅಲ್ಲಿ ಒಂದು ಹೊಸ ಲಾರಿ ಆಗಲೇ ನಿಂತಿತ್ತು. ಅದರ ಡ್ರೈವರ್ ಅವಳನ್ನು ಕಂಡು ಮುಖ ತಿರುಗಿಸಿದ.

"ಇಂಜಿನ್ ನಿಲ್ಸಮ್ಮ, ಸೊಪ್ಪಿಗೆಲ್ಲ ಹೊಗೆ," ಎಂದ ಮ್ಯಾನೇಜರ್.

ಅಲ್ಲಿ ಇಂಜಿನ್ ನಿಲ್ಲಿಸುವ ಧೈರ್ಯ ಅವಳು ಎಷ್ಟೋ ದಿನದಿಂದ ಮಾಡಿರಲಿಲ್ಲ. ಇಂಜಿನ್ ಆರಿಸುವ ಗುಬುಟು ಎಳೆದಳು. ನಿಂತಿತು. ಚೀಲಗಳು ಏರುತ್ತಲೇ ಇದ್ದವು, ಆಳುಗಳು ಹರಟುತ್ತಲೇ ಇದ್ದರು. ಅವಳಿಗೆ ಮಾತ್ರ ಆ ಪೈಪಿನೊಳಗೆ ಡೀಸೆಲ್ ಹಿಂದಕ್ಕೆ ಜಾರುವುದು ಕೇಳಿಸಿದಂತೆ ಆಗುತ್ತಿತ್ತು. ಕಡೆಗೆ ಹಿಂಬಾಗಿಲು ಹಾಕಿದರು. ಮ್ಯಾನೇಜರ್ ಕೈಕಟ್ಟಿ ನಿಂತ. ಹೊಸ ಲಾರಿಯವನೂ ಇಳಿದು ಬಂದು ನಿಂತ.

ಕೀಲಿ ತಿರುಗಿಸಿದಳು. ಇಂಜಿನ್ ಒಮ್ಮೆ ಗೊರಗೊರ ಎಂದಿತು, ನಡುಗಿತು, ಹತ್ತಿಕೊಂಡಿತು.

"ನೀನು ಹೊರಡಪ್ಪ," ಎಂದ ಮ್ಯಾನೇಜರ್, ಹೊಸ ಲಾರಿಯವನಿಗೆ. ಆಮೇಲೆ ಇವಳತ್ತ ಕೂಗಿದ: "ನಾಳೇನೂ ಇದೇ ಹೊತ್ತಿಗೆ!"

"ನಮ್ಮನೇಲಿ ಮೂರು ಜನ ಕೈಕಟ್ಟಿ ಕೂತ್ರೆ ಬಂದೇ ಬರ್ತೀನಿ," ಎಂದು ಗೊಣಗುತ್ತ ಗೇರು ಹಾಕಿದಳು.