ಎರಡು ತುಂಡಿನ ಲೆಕ್ಕ

ನಮ್ಮ ಭಾವ ಪಿಜ್ಜಾ ಅಂಗಡಿಯ ಒಲೆಯ ಮುಂದೆ ನಿಂತು ಸಂಸಾರ ಸಾಕುವ ಮನುಷ್ಯ. ಆದರೆ ಅವರ ಮನೆಯಲ್ಲಿ ಪಿಜ್ಜಾದ ಮಾತು ಎತ್ತುವಂತಿರಲಿಲ್ಲ. ಕೆಲಸ ಮುಗಿಸಿ ಬಂದವರನ್ನು ಅಕ್ಕ ಬಾಗಿಲಲ್ಲೇ ತಡೆದು, ಚೀಸಿನ ವಾಸನೆ ಹೊಡೆಯುವ ಅಂಗಿಯನ್ನು ಹೊರಗೇ ಬಿಚ್ಚಿಸುತ್ತಿದ್ದಳು. "ಕಳ್ಳಸಾಗಣೆ ಮಾಡೋರನ್ನೂ ಇಷ್ಟು ತಪಾಸಣೆ ಮಾಡಲ್ಲ ಕಣೇ" ಎಂದು ರೇಗಿಸಿದರೆ ನನಗೂ ಮಂಗಳಾರತಿ ಆಗುತ್ತಿತ್ತು.

ಅಕ್ಕನನ್ನು ಬೈದು ಪ್ರಯೋಜನವಿಲ್ಲ. ಅವಳ ಮಗಳು ಚೂಟಿ ಒಂದು ಬೆಳಿಗ್ಗೆ ಎಷ್ಟು ಕೂಗಿದರೂ ಹಾಸಿಗೆಯಿಂದ ಏಳಲಿಲ್ಲ. ಆಸ್ಪತ್ರೆಗೆ ಹೊತ್ತೊಯ್ದ ಮೇಲೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಅವಳ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ. ಏನು ತಿನ್ನುತ್ತಾಳೋ ಅದನ್ನು ಮೊದಲೇ ಲೆಕ್ಕ ಹಾಕಿ, ಅಷ್ಟಕ್ಕೆ ತಕ್ಕಂತೆ ಆ ಮದ್ದನ್ನು ಅವಳೇ ಹೊಟ್ಟೆಗೆ ಚುಚ್ಚಿಕೊಳ್ಳಬೇಕು. ಮದ್ದು ಕಡಿಮೆಯಾದರೆ ಸಕ್ಕರೆ ಏರುತ್ತದೆ. ಹೆಚ್ಚಾದರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತದೆ, ಜೀವಕ್ಕೇ ಕುತ್ತು. ಅಂದಿನಿಂದ ಅಕ್ಕ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಬದುಕುತ್ತಿದ್ದಾಳೆ. ಭಾವನ ಹೆದರಿಕೆ ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವರು ಹೆದರಿದಾಗ ಮಾತು ಬಿಟ್ಟು ಹಿಟ್ಟು ನಾದುತ್ತಾರೆ.

ಈ ಮನೆಯಲ್ಲಿ ಒಂದಿಷ್ಟು ಗಾಳಿಯಾಡಲು ಬಿಟ್ಟವಳು ಆಸ್ಪತ್ರೆಯ ಆಹಾರ ತಜ್ಞೆ. "ಪಿಜ್ಜಾ ಏನು ವಿಷ ಅಲ್ಲಮ್ಮ. ಯಾವಾಗ್ಲಾದ್ರೂ ಒಮ್ಮೆ ತಿನ್ಲಿ. ಎರಡು ತುಂಡು, ಜೊತೆಗೆ ಒಂದು ತಟ್ಟೆ ತರಕಾರಿ. ಎಷ್ಟು ತಿಂತಾಳೋ ಅಷ್ಟಕ್ಕೆ ಚುಚ್ಕೊಂಡ್ರೆ ಆಯ್ತು" ಎಂದಳು. ಚೂಟಿಗೆ ಅಷ್ಟೇ ಸಾಕಾಯಿತು. ಅಪ್ಪನನ್ನು ಹಿಡಿದು ಕೂರಿಸಿ, ಒಂದು ತುಂಡಿನಲ್ಲಿ ಹಿಟ್ಟೆಷ್ಟು ಎಂದು ಬಾಯಿಪಾಠ ಮಾಡಿಕೊಂಡಳು. ಭಾವನ ಹಿಟ್ಟಿನುಂಡೆಯನ್ನು ಯಾವತ್ತು ತಕ್ಕಡಿಗೆ ಹಾಕಿದರೂ ಒಂದೇ ತೂಕ.

ಪರೀಕ್ಷೆ ಮುಗಿದ ಮಧ್ಯಾಹ್ನ ಗೆಳತಿಯರೆಲ್ಲ ನಮ್ಮ ಅಂಗಡಿಗೆ ಬರುವುದೆಂದು ನಿಶ್ಚಯವಾಯಿತು. ಅಕ್ಕ ಬರಕೂಡದು ಎಂಬುದು ಚೂಟಿಯ ಷರತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು ಎಂಬುದು ನನಗೆ ಅಕ್ಕನ ಷರತ್ತು. ನಾನು ಅದೇ ಅಂಗಡಿಯ ಕೌಂಟರಿನಲ್ಲಿ ಕೂರುವವಳು.

ಅಂದು ಬೆಳಿಗ್ಗೆ ಭಾವ ಹೂಕೋಸು ರುಬ್ಬಿ, ಬಟ್ಟೆಯಲ್ಲಿ ಕಟ್ಟಿ ನೀರು ಹಿಂಡುತ್ತಿದ್ದರು.

"ಇದೇನು ಭಾವ, ಒಗೆಯೋ ಕೆಲಸಾನೂ ಶುರು ಮಾಡಿದ್ರಾ?"

"ಹೊಸ ಪ್ರಯೋಗ. ಸುಮ್ನಿರು" ಎಂದರು. ಯಾವುದೋ ಗಿರಾಕಿಗಿರಬೇಕು ಎಂದುಕೊಂಡು ನಾನು ಮರೆತೇಬಿಟ್ಟೆ.

ಹುಡುಗಿಯರು ಬಂದರು, ಅಂಗಡಿ ಸಂತೆಯಾಯಿತು. ಚೂಟಿ ಗೋಡೆಯ ಕಡೆ ತಿರುಗಿ ಅಂಗಿಯ ಅಂಚೆತ್ತಿ ಚುಚ್ಚಿಕೊಂಡಳು. "ನೋಯಲ್ವೇನೇ?" ಎಂದಳು ಪಕ್ಕದವಳು. "ನಿನ್ನ ಹಾಡು ಕೇಳೋದಕ್ಕಿಂತ ಕಡಿಮೆ" ಎಂದಳು ಚೂಟಿ. ಅಷ್ಟರಲ್ಲಿ ಭಾವ ಅವಳಿಗೆಂದೇ ಒಂದು ತಟ್ಟೆ ತಂದಿಟ್ಟರು, ಎರಡು ತುಂಡು ಪಿಜ್ಜಾ ಮತ್ತು ಸೌತೆಕಾಯಿ. ಒಂದು ತುತ್ತು ಕಚ್ಚಿ, "ಇವತ್ತು ಮೆತ್ತಗಿದೆ ಅಪ್ಪಾ" ಎಂದಳು. "ತಿನ್ನು ತಿನ್ನು" ಎಂದು ಅವರು ಒಳಗೆ ಹೋದರು.

ಬಿಲ್ಲು ಮಾಡುತ್ತ ಮಾಡುತ್ತ ಒಮ್ಮೆ ತಲೆಯೆತ್ತಿದೆ. ಚೂಟಿಯ ಕುರ್ಚಿ ಖಾಲಿಯಿತ್ತು.

"ಬಾತ್‌ರೂಮಿಗೆ ಹೋದ್ಲು ಆಂಟಿ. ಆಗಲೇ ಹೋದ್ಲು."

ಓಡಿದೆ. ಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು. ಬಡಿದೆ, ಕೂಗಿದೆ, ಉತ್ತರವಿಲ್ಲ. ಕಿವಿಯಿಟ್ಟರೆ ಯಾರೋ ನಿದ್ದೆಯಲ್ಲಿ ಗೊಣಗುವ ಸದ್ದು. ನನ್ನ ಕೂಗಿಗೆ ಓಡಿಬಂದ ಭಾವ ಭುಜ ಕೊಟ್ಟು ಗುದ್ದಿದರು. ಚಿಲಕ ಕಿತ್ತು ಬಂತು.

ಚೂಟಿ ನೆಲದ ಮೇಲೆ ಕೂತಿದ್ದಳು. ಮುಖ ಬಿಳಿಚಿಕೊಂಡು ಬೆವರು ಧಾರಾಕಾರ. ಕೈ ಮುಟ್ಟಿದರೆ ತಣ್ಣಗೆ. ನನ್ನನ್ನೇ ನೋಡಿದಳು, ಗುರುತು ಸಿಗಲಿಲ್ಲ.

"ಬಸ್ ಬಂತಾ?" ಎಂದಳು.

ಫ್ರಿಜ್ಜಿಗೆ ಓಡಿ ಕೈಗೆ ಸಿಕ್ಕ ಕೂಲ್‌ಡ್ರಿಂಕ್ ಬಾಟಲಿಯ ಮುಚ್ಚಳ ತಿರುವಿದೆ. ಅದು ಸಕ್ಕರೆ ಇಲ್ಲದ್ದು. ಅವಳಿಗಾಗಿಯೇ ಭಾವ ಮುಂದಿನ ಸಾಲಿನಲ್ಲಿ ಜೋಡಿಸಿಟ್ಟಿದ್ದರು! ಆ ಕ್ಷಣ ಅದು ಬರೀ ನೀರಿಗೆ ಸಮ. ಅದನ್ನು ಅಲ್ಲೇ ಎಸೆದು, ಹಿಂದಿನಿಂದ ಸಿಹಿಯಾದದ್ದನ್ನು ಎಳೆದು ತಂದೆ. ಭಾವ ಅವಳ ತಲೆ ಎತ್ತಿ ಹಿಡಿದರು, ನಾನು ತುಟಿಗೆ ಹಿಡಿದೆ. ಅರ್ಧ ಅಂಗಿಯ ಮೇಲೆ ಚೆಲ್ಲಿತು. "ನುಂಗು ಕಂದಾ, ನುಂಗು" ಎನ್ನುತ್ತಿದ್ದರು ಭಾವ. ಅವಳು ನುಂಗಿದಳು. ಆಮೇಲೆ ಕಾಯುವುದು ಬಿಟ್ಟು ನಮಗೆ ಬೇರೆ ದಾರಿಯಿರಲಿಲ್ಲ. ಅಂಥ ಕಾಯುವಿಕೆ ನನ್ನ ಶತ್ರುವಿಗೂ ಬೇಡ.

ನಿಧಾನವಾಗಿ ಅವಳ ಕಣ್ಣಿಗೆ ಕಳೆ ಬಂತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಏರುತ್ತಿತ್ತು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ.

"ಚಿಕ್ಕಮ್ಮ, ನಾನು ಸರಿಯಾಗೇ ಲೆಕ್ಕ ಹಾಕಿದ್ದೆ" ಎಂದಳು ಚೂಟಿ. "ಎಲ್ಲಿ ತಪ್ಪಿತು?" ಭಾವ ಮುಖ ಆಚೆ ತಿರುಗಿಸಿದರು. ಅವಳು ಬಾಟಲಿಯನ್ನು ದೂರ ತಳ್ಳಿದಳು. "ನಂಗೆ ಲೆಕ್ಕ ಬರಲ್ಲ. ಇನ್ಮೇಲೆ ಪಿಜ್ಜಾನೂ ಬೇಡ, ಹೊರಗೆ ಬರೋದೂ ಬೇಡ. ಅಮ್ಮ ಅಳೆದು ಕೊಟ್ಟಿದ್ದೇ ತಿಂತೀನಿ."

ಥೇಟ್ ಅಕ್ಕನ ದನಿ. ಬಾತ್‌ರೂಮಿನ ಬಾಗಿಲಲ್ಲಿ ಹೆದರಿದ್ದಕ್ಕಿಂತ ಹೆಚ್ಚು ಈಗ ಹೆದರಿದೆ. ಭಾವನ ಕಡೆ ನೋಡಿದೆ. ಅವರ ಹೆಗಲ ಮೇಲೆ ಬೆಳಿಗ್ಗೆ ಹೂಕೋಸು ಹಿಂಡಿದ ಬಟ್ಟೆ ಇನ್ನೂ ನೇತಾಡುತ್ತಿತ್ತು. ನನ್ನ ಮೈ ಉರಿದುಹೋಯಿತು.

"ಭಾವ, ನೀವು ಹೇಳ್ತೀರೋ, ನಾನೇ ಹೇಳ್ಲೋ?"

ಅವರು ಮಗಳ ಮುಂದೆ ನೆಲದಲ್ಲೇ ಕೂತರು. "ನಿನ್ನ ಲೆಕ್ಕ ಸರಿ ಇತ್ತು ಕಂದಾ. ಆ ಪಿಜ್ಜಾದಲ್ಲಿ ಹಿಟ್ಟೇ ಇರ್ಲಿಲ್ಲ. ಬರೀ ಹೂಕೋಸು. ಮೈದಾ ತಿಂದ್ರೆ ನಿಂಗೆ ಏನಾಗುತ್ತೋ ಅಂತ ಭಯ ಆಯ್ತು. ನಿಂಗೆ ಹೇಳಿದ್ರೆ ಬೇಡ ಅಂತೀಯ ಅಂತ ಹೇಳ್ಲಿಲ್ಲ."

ಎರಡು ತುಂಡು ಹಿಟ್ಟಿಗೆ ಚುಚ್ಚಿಕೊಂಡ ಮದ್ದು, ಹೊಟ್ಟೆಯಲ್ಲಿ ಹಿಟ್ಟು ಸಿಗದೆ ಮಗುವನ್ನೇ ಹಿಡಿದುಕೊಂಡಿತ್ತು. ಚೂಟಿ ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ.

"ಮದ್ದು ಇನ್ನೂ ಮೈಯಲ್ಲಿದೆ ಅಪ್ಪಾ. ಕೂಲ್‌ಡ್ರಿಂಕ್ ಸಾಲಲ್ಲ, ಈಗ ನಾನು ತಿನ್ಲೇಬೇಕು. ಎಲ್ರಿಗೂ ಮಾಡ್ತೀಯಲ್ಲ, ಅದೇ ಮಾಡ್ಕೊಡು."

ಭಾವ ಎದ್ದು ಹೋದರು. ಮೈದಾ ಉಂಡೆಯನ್ನು ತಕ್ಕಡಿಗೆ ಹಾಕಿ ನೋಡಿ ತಟ್ಟಿದರು. ವರ್ಷಗಟ್ಟಲೆ ಒಲೆಯ ಮುಂದೆ ನಿಂತವರು ಅಂದು ಅಂಚು ಸೀಯಿಸಿದರು. ತಟ್ಟೆ ತಂದು ಮಗಳ ಮುಂದಿಟ್ಟರೂ ಬೆರಳು ಸಡಿಲಿಸಲಿಲ್ಲ.

"ಬಿಡು ಅಪ್ಪಾ."

ಬಿಟ್ಟರು.

"ಹೆದರ್ಕೊಳ್ಳೋದಾದ್ರೆ ನೀನೂ ಅಮ್ಮನೂ ಹೆದರ್ಕೊಳ್ಳಿ. ಆದ್ರೆ ತಟ್ಟೇಲಿ ಏನಿದೆ ಅಂತ ನಂಗೆ ನಿಜ ಹೇಳಿ. ಲೆಕ್ಕ ನಾನು ಹಾಕ್ತೀನಿ" ಎಂದು ಅವಳು ಸೀದ ಅಂಚಿನಿಂದಲೇ ಕಚ್ಚಿದಳು.

ಕೌಂಟರಿನ ಮೇಲೆ ನನ್ನ ಫೋನು ಹೊಡೆದುಕೊಂಡಿತು. ಅಕ್ಕ. ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಸುಳ್ಳು ಹೇಳಿದರೆ ಈ ಹುಡುಗಿಗೆ ದ್ರೋಹ, ನಿಜ ಹೇಳಿದರೆ ಅಕ್ಕ ಇವಳನ್ನು ಇನ್ನು ಹೊಸ್ತಿಲು ದಾಟಿಸುವುದಿಲ್ಲ. ಭಾವ ಹಿಟ್ಟಿನ ಕೈಯಲ್ಲೇ ಫೋನು ಎತ್ತಿಕೊಂಡರು.

"ಚೆನ್ನಾಗಿದಾಳೆ. ಪಿಜ್ಜಾ ತಿಂತಿದಾಳೆ" ಎಂದರು. "ಅವಳ ಲೆಕ್ಕ ಸರಿ ಇತ್ತು ಕಣೇ. ತಪ್ಪು ನಂದು. ಕೂತ್ಕೋ, ಎಲ್ಲಾ ಹೇಳ್ತೀನಿ."

ಚೂಟಿ ಎರಡನೇ ತುಂಡಿಗೆ ಕೈ ಹಾಕಿದಳು.