ಕಾಲು ವೋಲ್ಟು

ಒಂದೂಕಾಲು, ಅಲ್ಲ, ಮುಳ್ಳು ಇನ್ನೂ ಅಲುಗುತ್ತಿದೆ, ತಾಳು, ಮೇಜಿಗೆ ಮೊಣಕೈ ತಾಗಿತೇನೋ, ತೆಗೆದೆ, ನಿಂತಿತು, ಒಂದೂಕಾಲೇ — ಮೀಟರಿನ ಗಾಜಿನ ಮೇಲೆ ಬಿಸಿಲು ಬಿದ್ದು ಅಂಕಿ ಕಾಣುವುದೇ ಕಷ್ಟ, ತಲೆ ಓರೆ ಮಾಡಿ ನೋಡಿದರೂ ಒಂದೂಕಾಲು, ಸ್ವಿಚ್ಚು ಆ ಕಡೆಗೆ, ಭಾವನ ಬೋರ್ಡು, ಒಂದು, ಸರಿಯಾಗಿ ಒಂದು ವೋಲ್ಟು, ಕೂದಲೆಳೆಯಷ್ಟೂ ಹೆಚ್ಚಿಲ್ಲ ಕಡಿಮೆಯಿಲ್ಲ, ಭಾವನ ಹಾಗೆಯೇ, ಮತ್ತೆ ಈ ಕಡೆಗೆ, ನನ್ನ ಬೋರ್ಡು, ಒಂದೂಕಾಲು. ಒಳಗೆ ಹೋಗುತ್ತಿರುವುದು ಒಂದೇ ಸ್ವರ, ಒಂದೇ ಮಟ್ಟದ್ದು, ಹೊರಗೆ ಬರುವಾಗ ಮಾತ್ರ ನನ್ನದು ಕಾಲು ವೋಲ್ಟು ಹೆಚ್ಚು. ಎಷ್ಟು ಸಲ ಅಳೆದೆ, ಐದೋ ಆರೋ, ಕಾರ್ಖಾನೆಯಲ್ಲಾದರೆ ಮೂರು ಸಲ ಸಾಕು, ಮೂರೂ ಒಂದೇ ಬಂದರೆ ಚೀಟಿ ಅಂಟಿಸಿ ಸಹಿ ಮಾಡು, ಇಪ್ಪತ್ತೊಂಬತ್ತು ವರ್ಷದಿಂದ ನನ್ನ ಅನ್ನ ಅದೇ, ಗೇಜುಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ನೋಡುವುದು, ನನ್ನ ಸಹಿ ಬಿದ್ದ ಮೇಲೆ ಮತ್ತೆ ಯಾರೂ ಕೇಳುವುದಿಲ್ಲ — ಅಂಥವನು ಈ ಎರಡು ಬೋರ್ಡುಗಳನ್ನು ಹದಿನೇಳು ವರ್ಷದಲ್ಲಿ ಒಂದು ಸಲವಾದರೂ ಪಕ್ಕಪಕ್ಕದಲ್ಲಿಟ್ಟು ಅಳೆದಿದ್ದೇನೆಯೇ, ಇಲ್ಲ, ಇವತ್ತೇ ಮೊದಲು.

ಇವತ್ತೂ ಅಳೆಯುತ್ತಿರಲಿಲ್ಲವೇನೋ, ಭಾವ ಕಳೆದ ತಿಂಗಳು ನಿವೃತ್ತರಾಗದಿದ್ದರೆ. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದ ಮನುಷ್ಯ, ಒಂದು ಒಳ್ಳೆಯ ಆಂಪ್ಲಿಫೈಯರ್ ಕೈಯಾರೆ ಮಾಡಿ ಕೊಡೋಣ ಎಂದವನು ನಾನೇ, ಹೆಂಡತಿ ಮೊದಲು ಮೂಗು ಮುರಿದಳು, ನಮ್ಮಣ್ಣನಿಗೆ ಬೇಕಾಗಿರೋದು ಒಂದು ಜೊತೆ ಒಳ್ಳೆ ಚಪ್ಪಲಿ ಕಣ್ರೀ ಅಂದಳು, ಆಮೇಲೆ ಪೆಟ್ಟಿಗೆಗೆ ಹಲಗೆ ಆರಿಸಿದ್ದೂ ಅವಳೇ, ಪಾಲಿಶ್ ಹಚ್ಚಿದ್ದೂ ಅವಳೇ, ಈಗ ಅದು ಮುಚ್ಚಳ ತೆರೆದುಕೊಂಡು ಮೇಜಿನ ಮೇಲೆ ಕೂತಿದೆ. ಸ್ಪೀಕರು ಅದುರಿಸುವ ದೊಡ್ಡ ಭಾಗವೆಲ್ಲ ಮುಗಿದಿದೆ, ಇನ್ನು ಬೇಕಾದದ್ದು ಅದರ ಮುಂದೆ ಕೂರುವ ಅಂಗೈಯಗಲದ ಪ್ರೀ-ಆಂಪ್ ಬೋರ್ಡು, ಹಾಡಿನ ಸಣ್ಣ ದನಿಯನ್ನು ಮೊದಲು ಎತ್ತಿಕೊಂಡು ದೊಡ್ಡದರ ಕೈಗೆ ಒಪ್ಪಿಸುವಂಥದ್ದು, ಹಾಡಿನ ಗುಣವೆಲ್ಲ ಅಲ್ಲಿಯೇ ಉಳಿಯಬೇಕು ಅಥವಾ ಅಲ್ಲಿಯೇ ಕೆಡಬೇಕು, ಅಲ್ಲಿಗೆ ನನ್ನದೇ ಬೋರ್ಡು ಎಂದು ಯಾವತ್ತೋ ಗೊತ್ತಾಗಿತ್ತು, ಗೆದ್ದ ಬೋರ್ಡಲ್ಲವೇ. ಆದರೂ ಬಿಸ್ಕತ್ತಿನ ಡಬ್ಬಿಯಲ್ಲಿ ಬಟ್ಟೆ ಸುತ್ತಿಟ್ಟಿದ್ದ ಭಾವನ ಬೋರ್ಡನ್ನೂ ಹೊರಗೆ ತೆಗೆದೆ, ಅದನ್ನೂ ಒಳಗೆ ಕೂರಿಸಿ ಒಂದು ಸ್ವಿಚ್ಚು ಇಟ್ಟರೆ ಹೇಗೆ, ನೆನಪಿಗೆ ಇರಲಿ, ಪಾಪ — ಪಾಪ ಅಂದುಕೊಂಡೆ, ಹೌದು, ಗೆದ್ದವನ ದೊಡ್ಡಸ್ತಿಕೆ, ನನಗೆ ನಾನೇ ಎಷ್ಟು ಒಳ್ಳೆಯವನಾಗಿ ಕಂಡೆನೆಂದರೆ ಬೆಳಿಗ್ಗೆಯೆಲ್ಲ ಸಿಳ್ಳೆ ಹಾಕಿಕೊಂಡೇ ತಂತಿ ಸುಲಿದೆ. ಸ್ವಿಚ್ಚು ತಿರುಗಿಸಿದಾಗ ದನಿ ಏರಿಳಿಯಬಾರದು, ಎರಡೂ ಒಂದೇ ಮಟ್ಟದಲ್ಲಿರಬೇಕು, ಅದಕ್ಕೇ ಮೀಟರು ಹಚ್ಚಿದ್ದು, ಬೇರೆ ಯಾವ ಉದ್ದೇಶವೂ ಇರಲಿಲ್ಲ.

ಈಗ ಸಿಳ್ಳೆ ಬರುತ್ತಿಲ್ಲ. ಭಾವ ಎಂದರೆ ಹೆಂಡತಿಯ ಅಣ್ಣ, ಅದಕ್ಕೂ ಮೊದಲು ಗೆಳೆಯ, ನನಗಿಂತ ಮೂರು ವರ್ಷಕ್ಕೆ ದೊಡ್ಡವರು, ಸೋಲ್ಡರಿಂಗ್ ಐರನ್ ಕೇಳಿಕೊಂಡು ಅವರ ಮನೆಗೆ ಹೋದವನು ತಂಗಿಯನ್ನೇ ಕೇಳಿಬಿಟ್ಟ ಎಂದು ನಮ್ಮ ಭಾನುವಾರದ ಗುಂಪಿನಲ್ಲಿ ಎಷ್ಟೋ ದಿನ ನಗೆಯಾಡಿದರು, ಹನ್ನೆರಡು ಮಂದಿಯ ಗುಂಪು, ಎಲ್ಲರೂ ರೇಡಿಯೋ ಬಿಚ್ಚಿ ಮನೆಯಲ್ಲಿ ಬೈಸಿಕೊಂಡವರೇ. ನನ್ನ ಬೋರ್ಡಿಗೆ ಮೂರು ಟ್ರಾನ್ಸಿಸ್ಟರು, ಭಾವನದಕ್ಕೆ ಎರಡು, ಎರಡೇ ಸಾಕು ಕಣಯ್ಯ, ಕಡಿಮೆ ಕೈ ದಾಟಿದ್ರೆ ಕಡಿಮೆ ಕೆಡುತ್ತೆ ಅನ್ನುವರು, ಅಷ್ಟು ಮೆಲ್ಲಗೆ ಅನ್ನುವರು, ಪಕ್ಕದಲ್ಲಿದ್ದವನಿಗೂ ಅರ್ಧ ಕೇಳಿಸಬೇಕು, ನಾನು ಮೂರು ಯಾಕೆ ಬೇಕು ಎಂದು ಒಂದು ಗಂಟೆ ಬಾಯಿ ಮಾಡುವೆ, ಕಾರ್ಖಾನೆಯ ಗದ್ದಲದಲ್ಲಿ ಬೆಳೆದ ಗಂಟಲು, ಇಡೀ ಬೀದಿಗೆ ಕೇಳಿಸುವುದು. ಹೆಂಡತಿ ಮದುವೆಯಾದ ವರ್ಷದಿಂದ ಹೇಳುತ್ತಲೇ ಇದ್ದಾಳೆ, ನಮ್ಮಣ್ಣ ಹೇಳಿದ್ದನ್ನೇ ನೀವು ಜೋರಾಗಿ ಹೇಳ್ತೀರಿ, ಎಲ್ಲರೂ ಅದನ್ನ ನೀವೇ ಹೇಳಿದ್ದು ಅಂದ್ಕೋತಾರೆ, ನಾನು ನಗುತ್ತಿದ್ದೆ, ನಗುವಂಥ ಮಾತೇ ಆಗಿತ್ತು.

ಕೊನೆಗೆ ವಾದ ಬೇಡ, ಕಿವಿಯೇ ಹೇಳಲಿ ಎಂದಾಯಿತು, ಹದಿನೇಳು ವರ್ಷದ ಹಿಂದೆ, ಇದೇ ಕೋಣೆ, ಅಡ್ಡಲಾಗಿ ಹಗ್ಗ ಕಟ್ಟಿ ಹಳೆಯ ಬೆಡ್‌ಶೀಟು ಇಳಿಬಿಟ್ಟು ಅದರ ಹಿಂದೆ ನಾನು, ಸ್ವಿಚ್ಚು ತಿರುಗಿಸುವವನು, ಮುಂದೆ ಹನ್ನೊಂದು ಜನ, ಅವರ ನಡುವೆ ಭಾವ, ಒಂದನೆಯದು ಯಾರದು ಎರಡನೆಯದು ಯಾರದು ಅವರಾರಿಗೂ ಗೊತ್ತಿಲ್ಲ, ಒಂದೇ ಪಿಟೀಲಿನ ರೆಕಾರ್ಡು, ಒಂದನೆಯದರಲ್ಲಿ ಒಮ್ಮೆ, ಎರಡನೆಯದರಲ್ಲಿ ಒಮ್ಮೆ, ಎರಡನೆಯದು ಮೆಚ್ಚಿದವರು ಕೈ ಎತ್ತಿ ಎಂದೆ. ಬೆಡ್‌ಶೀಟಿನಲ್ಲಿ ಒಂದು ತೂತಿತ್ತು, ಅದರಿಂದ ನೋಡಿದೆ, ಮೊದಲು ಎದ್ದ ಕೈ ಭಾವನದು — ಸ್ಟೀರಿಂಗ್ ಹಿಡಿದು ಹಿಡಿದು ಜಡ್ಡುಗಟ್ಟಿದ ಅಗಲವಾದ ಅಂಗೈ, ಒಂದಿಷ್ಟೂ ಅನುಮಾನವಿಲ್ಲದೆ ಎದ್ದು ನಿಂತ ಕೈ, ಆಮೇಲೆ ಉಳಿದವು, ಒಟ್ಟು ಒಂಬತ್ತು. ಎರಡನೆಯದು ನನ್ನದು. ಬೆಡ್‌ಶೀಟು ಸರಿಸಿ ಹೇಳಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು, ಹಿಗ್ಗಿ ಹೀರೇಕಾಯಿಯಾದೆ, ಭಾವನ ಕೈ ಇನ್ನೂ ಪೂರ್ತಿ ಇಳಿದಿರಲಿಲ್ಲ, ಎದೆಯ ಮಟ್ಟದಲ್ಲಿ ನಿಂತಿತ್ತು, ಅವರು ತಮ್ಮ ಕೈಯನ್ನು ತಾವೇ ನೋಡಿಕೊಂಡರು, ಬೇರೆ ಯಾರದ್ದೋ ಕೈ ತಮ್ಮ ತೋಳಿಗೆ ಬಂದು ಸೇರಿಕೊಂಡಿದೆ ಎಂಬ ಹಾಗೆ, ಆಮೇಲೆ ಆ ಕೈಯನ್ನೇ ನನ್ನ ಕಡೆ ಚಾಚಿದರು, ಗೆದ್ದೆಯಲ್ಲ, ಭೇಷ್ ಅಂದರು. ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದು ಕುಲುಕಿದರು.

ಕಾಲು ವೋಲ್ಟು. ಅದು ಜೋರು ಎಂದು ಯಾರಿಗೂ ಅನಿಸುವುದಿಲ್ಲ, ಅದೇ ಅದರ ಮಜಾ, ಹತ್ತಿರ ಬಂತು ಅನಿಸುತ್ತದೆ, ತುಂಬಿಕೊಂಡಿದೆ, ಜೀವ ಇದೆ ಅನಿಸುತ್ತದೆ, ಕಿವಿ ಮೋಸಹೋಗುತ್ತದೆ, ಎಂಥ ಕಿವಿಯಾದರೂ ಹೋಗುತ್ತದೆ, ಮಟ್ಟ ಸಮ ಮಾಡದೆ ಹೋಲಿಸಬಾರದು ಎಂಬುದು ಈ ಕಸುಬಿನ ಮೊದಲ ಪಾಠ — ಗೊತ್ತಿತ್ತೇ ನನಗೆ, ಆವತ್ತು ಗೊತ್ತಿತ್ತೇ. ಆವತ್ತು ಬೆಳಿಗ್ಗೆ, ಹಲ್ಲುಜ್ಜಿದವನೇ ಬಂದು ಬೋರ್ಡು ಹಚ್ಚಿದೆ, ಯಾಕೋ ಸಪ್ಪೆ ಅನಿಸಿತು, ಒಂದು ರೆಸಿಸ್ಟರ್ ಕಿತ್ತು ಬೇರೊಂದು ಹಾಕಿದೆ, ದನಿಯ ಮಟ್ಟ ಸ್ವಲ್ಪ ಎತ್ತಿದೆ, ಸ್ವಲ್ಪ ಜೀವ ಬರಲಿ ಅಂತ, ಮೋಸ ಮಾಡಬೇಕು ಎಂದಲ್ಲ, ದೇವರಾಣೆಗೂ ಅಲ್ಲ, ಆದರೆ ಮೀಟರು ಎಲ್ಲಿತ್ತು, ಕೈಗೆಟುಕುವಲ್ಲಿಯೇ ಇತ್ತು, ಇದೇ ಮೀಟರು, ಕಾರ್ಖಾನೆಯಲ್ಲಿ ಸುತ್ತಿಗೆಯ ತೂಕವನ್ನೂ ಬಿಡದೆ ನೋಡುವವನು ಅದನ್ನು ಎತ್ತಿಕೊಳ್ಳಲಿಲ್ಲ, ಯಾಕೆ ಎತ್ತಿಕೊಳ್ಳಲಿಲ್ಲ, ಅಳೆದರೆ ಗೊತ್ತಾಗಿಬಿಡುತ್ತಿತ್ತು, ಗೊತ್ತಾದರೆ ಇಳಿಸಬೇಕಾಗುತ್ತಿತ್ತು, ಅದಕ್ಕೇ ಅಳೆಯಲಿಲ್ಲ. ಇಷ್ಟೇ ವಿಷಯ, ಹದಿನೇಳು ವರ್ಷ ಇದನ್ನು ನನಗೇ ಹೇಳಿಕೊಂಡಿರಲಿಲ್ಲ.

ಮುಂದಿನ ಭಾನುವಾರ ಭಾವ ಟವೆಲ್ಲಿನಲ್ಲಿ ಸುತ್ತಿದ ಸೋಲ್ಡರಿಂಗ್ ಐರನ್ ತಂದು ಇದೇ ಮೇಜಿನ ಮೇಲಿಟ್ಟರು, ಅದರ ಜೊತೆಗೆ ಬೋರ್ಡೂ, ನಿನ್ನ ಹತ್ರಾನೇ ಇರ್ಲಿ, ನಂದನ್ನ ನನ್ನ ಕಿವೀನೇ ಗುರುತು ಹಿಡೀಲಿಲ್ಲ, ಇನ್ನು ನಾನು ಏನು ಮಾಡಿ ಯಾರಿಗೆ ಕೊಡ್ಲಿ. ನಾನು ಸುಮ್ಮನೆ ಬಿಡಬೇಡಿ ಭಾವ ಎಂದೆ, ಒಂದೇ ಸಲ ಎಂದೆ, ಎರಡನೆಯ ಸಲ ಹೇಳಲಿಲ್ಲ. ಗೇರಿನ ಸದ್ದಿನಲ್ಲೇ ಯಾವ ಹಲ್ಲು ಸವೆದಿದೆ ಎನ್ನುತ್ತಿದ್ದ ಕಿವಿ ಅದು, ಡಿಪೋದ ಮೆಕ್ಯಾನಿಕ್ಕುಗಳು ಬಾನೆಟ್ಟು ಎತ್ತುವ ಮೊದಲು ಇವರನ್ನು ಕರೆಯುತ್ತಿದ್ದರಂತೆ, ಆಮೇಲೆ ಆ ಮನುಷ್ಯ ಮನೆಗೆ ರೇಡಿಯೋ ಕೊಳ್ಳಬೇಕಾದರೂ ನನಗೆ ಫೋನು, ನೀನೇ ಬಂದು ಕೇಳಿ ಹೇಳು, ನಿನ್ನ ಕಿವಿ ಕಿವಿ, ಬಾಗಿಲಿನ ಗಂಟೆ ಬದಲಾಯಿಸಬೇಕಾದರೂ ನನ್ನನ್ನೇ ಕೇಳಿದರು, ನಾನು ಹೋಗುತ್ತಿದ್ದೆ, ತಲೆದೂಗಿ ಇದು ಒಳ್ಳೇದು ಅನ್ನುತ್ತಿದ್ದೆ, ಅವರು ಅದನ್ನೇ ಕೊಳ್ಳುತ್ತಿದ್ದರು, ನನಗೆ ಅದು ಮರ್ಯಾದೆ ಅನಿಸುತ್ತಿತ್ತು. ಎಂಥ ಪ್ರೀತಿ ಆ ಮನುಷ್ಯನದು, ಸೋತವನಿಗೆ ಗೆದ್ದವನ ಮೇಲೆ ಇರುವಂಥದ್ದಲ್ಲ, ನನ್ನ ಕಾಲಿಗೆ ಪೆಟ್ಟಾದ ವರ್ಷ ಎರಡು ತಿಂಗಳು ತಮ್ಮ ಪಾಳಿ ಮುಗಿಸಿ ಬಂದು ನನ್ನನ್ನು ಮೆಟ್ಟಿಲು ಇಳಿಸಿ ಹತ್ತಿಸಿದರು.

ರೀ ಎಂದೆ, ಅಲ್ಲ, ರೀ ಎನ್ನುವವಳು ಅವಳು, ನಾನು ಕೂಗಿದ್ದು ಬಾರೇ ಇಲ್ಲಿ ಎಂದು, ಒಗೆದ ಬಟ್ಟೆಯ ಕ್ಲಿಪ್ಪುಗಳನ್ನು ಸೆರಗಿಗೆ ಸಿಕ್ಕಿಸಿಕೊಂಡೇ ಬಂದಳು, ಏನು, ಪಕ್ಕದ ಮನೆಯವರನ್ನೂ ಕರೀಲಾ. ನನ್ನ ಬೋರ್ಡಿನ ದನಿಯನ್ನು ಇಳಿಸಿ ಎರಡನ್ನೂ ಒಂದು ವೋಲ್ಟಿಗೆ ಸಮ ಮಾಡಿಟ್ಟಿದ್ದೆ, ಮೂರು ಸಲ ಅಳೆದಿದ್ದೆ, ಅವಳನ್ನು ಬೆನ್ನು ಹಾಕಿ ಕೂರಿಸಿ ಅದೇ ಪಿಟೀಲು ಹಾಕಿದೆ, ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಗಾಜಿನಾಚೆ ಗೊಣಗುವವರ ಮಾತು ಕೇಳಿ ಕೇಳಿ ಕಿವಿ ಚುರುಕಾದವಳು, ಮೊದಲನೆಯದು ಕೇಳಿದಳು, ಹೂಂ ಅಂದಳು, ಎರಡನೆಯದು ಹಾಕಿದ್ದೇ ತಿರುಗಿ ನೋಡಿದಳು, ಕುರ್ಚಿ ಯಾಕೆ ಎಳೀತೀರಿ ಅಂದಳು. ನಾನು ಕುರ್ಚಿ ಮುಟ್ಟಿರಲಿಲ್ಲ. ಮತ್ತೆ ಹಾಕಿದೆ, ಮತ್ತೆ ಕಿರ್ ಎಂದಿತು — ಪಿಟೀಲು ನುಡಿಸುವವನ ಕುರ್ಚಿ, ಕಮಾನು ತಂತಿಗೆ ತಾಗುವ ಮುನ್ನ ಅವನು ಸರಿದು ಕೂತದ್ದು, ಮೂವತ್ತು ವರ್ಷದಿಂದ ಇದೇ ರೆಕಾರ್ಡು ಕೇಳುತ್ತಿದ್ದೇನೆ, ಆ ಕುರ್ಚಿಯನ್ನು ಒಮ್ಮೆಯೂ ಕೇಳಿರಲಿಲ್ಲ, ಆವತ್ತು ಬೆಡ್‌ಶೀಟಿನ ಹಿಂದೆಯೂ ಕಿವಿಗೆ ಬಿದ್ದಿರಲಿಲ್ಲ, ಭಾವನ ಎರಡು ಟ್ರಾನ್ಸಿಸ್ಟರು ಅದನ್ನು ಬಿಡದೆ ದಾಟಿಸಿಕೊಟ್ಟಿವೆ, ನನ್ನ ಮೂರು ನುಂಗಿ ಕೂತಿವೆ. ಇದೇ ಚೆನ್ನಾಗಿದೆ, ಇದರಲ್ಲಿ ಆಸಾಮಿ ಇಲ್ಲೇ ಕೂತಿದ್ದಾನೆ ಅಂದಳು, ನಿಮ್ಮದಾ ಅಂದಳು, ನಾನು ಅಲ್ಲವೆಂದು ತಲೆಯಾಡಿಸಿದೆ, ನಿಮ್ಮಣ್ಣನದು, ಆಮೇಲೆ ಎಲ್ಲ ಹೇಳಿದೆ, ರೆಸಿಸ್ಟರ್, ಬೆಳಿಗ್ಗೆ, ಮೀಟರು, ಎಲ್ಲ. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು, ಸೆರಗಿನಿಂದ ಕ್ಲಿಪ್ಪು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು, ನಾಲ್ಕು ಗಂಟೆಗೆ ಅಣ್ಣ ಬರ್ತಾನೆ, ಕಾಫಿ ಕುಡಿಸಿ ಹೇಳಿ, ಕುಡಿಸದೇ ಹೇಳಿ, ಹೇಗಾದರೂ ಹೇಳಿ, ಆದ್ರೆ ಅದನ್ನ ನಾನೇ ಹೇಳೋ ಹಾಗೆ ಮಾಡಬೇಡಿ ಅಂದಳು.

ಹೇಳದೆ ಇರಬಹುದು, ಆ ದಾರಿಯೂ ಇದೆ, ಭಾವನ ಬೋರ್ಡನ್ನೇ ಒಳಗೆ ಕೂರಿಸಿ ಮುಚ್ಚಳ ಬಿಗಿದು ನಿಮ್ಮದನ್ನೇ ಹಾಕಿದ್ದೇನೆ ಭಾವ ಎಂದರೆ ಖುಷಿಪಡುತ್ತಾರೆ, ನನ್ನನ್ನು ಇನ್ನೂ ದೊಡ್ಡವನು ಅಂದುಕೊಳ್ಳುತ್ತಾರೆ, ತಂಗಿಯ ಗಂಡನಿಗೆ ಎಷ್ಟು ಅಭಿಮಾನ ಎನ್ನುತ್ತಾರೆ — ಥೂ, ಅದಕ್ಕಿಂತ ಹೇಸಿಗೆ ಬೇರೆ ಇಲ್ಲ, ಅವಳು ಹೇಳುತ್ತಾಳೆ, ಹೇಳಿಯೇ ಹೇಳುತ್ತಾಳೆ, ಹೇಳದಿದ್ದರೂ ಆ ಕೈ, ಎದೆಯ ಮಟ್ಟದಲ್ಲಿ ನಿಂತ ಆ ಕೈ, ಅದನ್ನು ಎಲ್ಲಿ ಇಡಲಿ. ಹೇಳಿದರೆ ಏನಾದೀತು, ಎದ್ದು ಹೋದಾರು, ಮೂವತ್ತು ವರ್ಷದ ಗೆಳೆತನ, ಭಾನುವಾರಗಳು, ಹೋದರೆ ನನಗೆ ಇನ್ನು ಯಾರಿದ್ದಾರೆ. ಗಂಟೆ ಬಾರಿಸಿತು, ನಾನೇ ಆರಿಸಿಕೊಟ್ಟಂಥದ್ದೇ ಗಂಟೆ ನಮ್ಮ ಬಾಗಿಲಿಗೂ, ಅವಳು ಬಾ ಅಣ್ಣ ಎನ್ನುತ್ತಿದ್ದಾಳೆ, ಹೆಜ್ಜೆ, ಕೆಮ್ಮು, ಭಾವ ಒಳಗೆ ಬಂದರು, ಪೆಟ್ಟಿಗೆ ನೋಡಿ ಓಹೋ ಅಂದರು, ಕೂತರು, ಕಾಫಿ ಇನ್ನೂ ಬಂದಿಲ್ಲ, ಕಾಯಲಾರೆ, ಭಾವ, ಆವತ್ತು ನಂದು ಗೆದ್ದಿದ್ದು ಚೆನ್ನಾಗಿತ್ತು ಅಂತಲ್ಲ, ಜೋರಾಗಿತ್ತು ಅಂತ, ನಾನೇ ಬೆಳಿಗ್ಗೆ ಎತ್ತಿಟ್ಟಿದ್ದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಅಷ್ಟು ಸಣ್ಣದಾಗಿತ್ತು, ಅವರಿಗೆ ಕೇಳಿಸಿತು. ಎಷ್ಟು, ಅಂದರು. ಕಾಲು ವೋಲ್ಟು.

ಕನ್ನಡಕ ಹಾಕಿಕೊಂಡರು, ಮೀಟರು ತಮ್ಮ ಕಡೆ ಎಳೆದುಕೊಂಡರು, ಈಗ ಇಳಿಸಿ ಸಮ ಮಾಡಿಟ್ಟಿದೀನಿ ಎಂದೆ, ಮೊದಲಿನ ಹಾಗೆ ಎತ್ತಿ ಕೊಡು ಎಂದರು, ಎತ್ತಿ ಕೊಟ್ಟೆ, ಅಳೆದರು, ಸ್ವಿಚ್ಚು, ಮತ್ತೆ ಅಳೆದರು, ಮೂರು ಸಲ, ನನ್ನ ಮುಖ ನೋಡಲಿಲ್ಲ, ಗೊತ್ತಿದ್ದೇ ಮಾಡಿದ್ಯಾ ಅಂದರು, ಅರ್ಧ ಗೊತ್ತಿತ್ತು ಎಂದೆ, ಇನ್ನರ್ಧ, ಅಳೀಲಿಲ್ಲ ಭಾವ, ಬೇಕಂತಲೇ ಅಳೀಲಿಲ್ಲ. ಹೆಂಡತಿ ಲೋಟಗಳನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ, ಒಳಗೆ ಬರುತ್ತಿಲ್ಲ. ಹದಿನೇಳು ವರ್ಷ ಕಣಯ್ಯ, ಅಂದರು ಭಾವ, ಅಷ್ಟೇ ಅಂದರು, ಬೈಗುಳವೂ ಅಲ್ಲ, ಅಳುವೂ ಅಲ್ಲ, ನಾನು ಮೇಜಿನ ಮೇಲಿನ ಕ್ಲಿಪ್ಪುಗಳನ್ನು ಒತ್ತಟ್ಟಿಗೆ ಸರಿಸಿದೆ. ಅವರು ನನ್ನ ಬೋರ್ಡನ್ನು ತಾವೇ ಒಂದು ವೋಲ್ಟಿಗೆ ಇಳಿಸಿದರು, ಕುರ್ಚಿಯನ್ನು ತಿರುಗಿಸಿ ಮೇಜಿಗೆ ಬೆನ್ನು ಹಾಕಿ ಕೂತರು, ಹಾಕು ಅಂದರು. ಹಾಕಿದೆ, ಯಾವುದನ್ನು ಮೊದಲು ಹಾಕಿದೆನೋ ನನಗೇ ನೆನಪಿಲ್ಲ, ಪಿಟೀಲು, ಸ್ವಿಚ್ಚು, ಪಿಟೀಲು, ಅವರ ಬೆನ್ನು ಅಲುಗುತ್ತಿಲ್ಲ, ತಲೆ ಒಂದು ಕಡೆಗೆ ತುಸು ವಾಲಿದೆ, ಬಾನೆಟ್ಟಿನ ಪಕ್ಕ ನಿಂತು ಗೇರು ಕೇಳುವಾಗ ವಾಲುತ್ತಿದ್ದ ಹಾಗೆ, ಯಾವುದು ಭಾವ ಎಂದೆ, ತಡೆಯಲಾಗಲಿಲ್ಲ, ಕೇಳಿಬಿಟ್ಟೆ. ಸುಮ್ನಿರು, ಕೇಳ್ತಿದೀನಿ ಅಂದರು, ನನಗೆ ಗದರುವ ಹಾಗೆ, ಹದಿನೇಳು ವರ್ಷದಲ್ಲಿ ಮೊದಲ ಸಲ ಗದರಿದರು. ನಾನು ಅವರ ಕೈ ನೋಡುತ್ತಿದ್ದೇನೆ, ಅಗಲವಾದ ಕೈ, ಮೊಣಕಾಲ ಮೇಲೆ ಅಂಗೈ ಮೇಲಾಗಿ ಬಿದ್ದಿದೆ, ಈಗ ಏಳುತ್ತದೆ, ಈಗ, ಇಲ್ಲ, ಏಳುವ ಯೋಚನೆಯೇ ಅದಕ್ಕಿಲ್ಲ, ಪಿಟೀಲು ಮುಗಿಯುತ್ತ ಬಂತು, ಕೈ ಅಲ್ಲೇ ಇದೆ, ಅವರು ಇನ್ನೂ ಕೇಳುತ್ತಿದ್ದಾರೆ.