ಜನರಲ್ ಸಾಹೇಬರನ್ನು ಕೂರಿಸುವುದು

ಕಾಮಣ್ಣ ತೀರಿಹೋದ ಅಣ್ಣನ ಬಲ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ಮಡಿಸಲು ನೋಡಿದ. ಮಡಿಯಲಿಲ್ಲ. ಬಿಸಿನೀರಲ್ಲಿ ಅದ್ದಿದ ಟವೆಲ್ ಸುತ್ತಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದ. ಎರಡು ದಿನ ಮಂಜುಗಡ್ಡೆಯಲ್ಲಿದ್ದ ಕಾಲು ಕಟ್ಟಿಗೆಯಂತಿತ್ತು.

"ಆಗವಲ್ದು ವೈನಿ."

ಶಿವಗಂಗವ್ವ ಗಂಡನ ತಲೆಯ ಬಳಿ ಕುಳಿತಿದ್ದಳು. "ಇನ್ನೊಮ್ಮೆ ನೋಡು ಕಾಮಣ್ಣ. ಸಾವಕಾಶ."

ಅಂಗಳದಲ್ಲಿ ಬಾಳೆಕಂಬ ಕಟ್ಟಿದ ವಿಮಾನ ಸಿದ್ಧವಾಗಿತ್ತು. ಸತ್ತವರನ್ನು ಅದರಲ್ಲಿ ಕೂರಿಸಿ ಹೊತ್ತೊಯ್ದು, ಕೂತಂತೆಯೇ ಮಣ್ಣು ಮಾಡುವುದು ಮನೆತನದ ಪದ್ಧತಿ. ಹೊಳೆದಂಡೆಯ ತೋಟದಲ್ಲಿ ಕುಣಿಯನ್ನೂ ಹಾಗೇ ತೋಡಿದ್ದರು: ಆಳ ಹೆಚ್ಚು, ಉದ್ದ ಕಡಿಮೆ.

ಕಿಟಕಿಯ ಹೊರಗೆ ಊರವರು ಕಾಯುತ್ತಿದ್ದರು.

"ಜನರಲ್ ಸಾಹೇಬ್ರು ಯಾರ ಮುಂದೂ ಮೊಣಕಾಲ ಊರಿದವ್ರಲ್ಲ. ಈಗ ಊರ್ತಾರೇನ್ಲೇ?" ಎಂದ ನಾಮದೇವ.

"ಎಲೆಕ್ಷನ್ ಬಂದಾಗ ಬೆಂಗಳೂರಾಗ ಊರ್ಯಾರ ತಗೋ," ಎಂದ ಬಾಳಾಸಾಬ.

"ಹಳೂಕ ಮಾತಾಡೋ ಮಾರಾಯಾ, ಒಳಗ ಕೇಳಸ್ತೈತಿ."

ಕೇಳಿಸಿತ್ತು. ಶಿವಗಂಗವ್ವ ಗಂಡನ ಹಣೆಯ ವಿಭೂತಿ ಸರಿಮಾಡಿದಳು.

ಮಗ ಭರತ ಫೋನು ಹಿಡಿದೇ ಒಳಗೆ ಬಂದ. "ಅವ್ವಾ, ಮಿಲಿಟರಿಯವ್ರು ಕಾಯಾಕತ್ತಾರ. ಪೆಟ್ಟಿಗ್ಯಾಗ ಮಲಗಿಸೇ ಒಯ್ಯೂಣು."

"ನಿಮ್ಮ ಪಕ್ಷದ ಅಧ್ಯಕ್ಷರು ಬಂದ್ರೇನು?"

ಭರತ ಫೋನು ಜೇಬಿಗಿಟ್ಟ. "ಬರಾಕ ಆಗಲ್ಲಂತ. ಹಾರ ಕಳಿಸ್ಯಾರ."

*

ಮೊನ್ನೆ ಆಸ್ಪತ್ರೆಯಲ್ಲಿ ಉಸಿರು ನಿಂತ ಕೂಡಲೇ ಕಾಮಣ್ಣ ಧೋತರದ ಅಂಚು ಹರಿದು, ಅಣ್ಣನ ಕಾಲು ಮಡಿಸಿ ಕಟ್ಟಲು ಬಗ್ಗಿದ್ದ. ಮೈ ಬೆಚ್ಚಗಿರುವಾಗಲೇ ಮಾಡಬೇಕಾದ ಕೆಲಸ ಅದು.

"ಬ್ಯಾಡ ಕಾಕಾ," ಎಂದು ಭರತ ತಡೆದಿದ್ದ. "ಅಥಣಿ ಮೈದಾನದಾಗ ದರ್ಶನಕ್ಕ ಇಡೂದೈತಿ. ಅಧ್ಯಕ್ಷರು ಬರ್ತೇನಿ ಅಂದಾರ. ಕುಂತ ಹೆಣಾನ ಗಾಜಿನ ಪೆಟ್ಟಿಗ್ಯಾಗ ಹೆಂಗ ಇಡ್ತೀ?"

ಹೆಣ ಎಂಬ ಮಾತಿಗೆ ಶಿವಗಂಗವ್ವ ತಲೆಯೆತ್ತಿದಳು. ಸೇನೆಯಿಂದ ನಿವೃತ್ತನಾಗಿ ಶಾಸಕನಾಗಿದ್ದ ಅಪ್ಪನ ಸೀಟಿಗೆ ಇನ್ನು ಉಪಚುನಾವಣೆ. ಟಿಕೆಟ್ ಕೊಡುವವರು ಅಧ್ಯಕ್ಷರು. ಮಗನ ಕಣ್ಣಲ್ಲಿ ನೀರೂ ಇತ್ತು, ಅವಸರವೂ ಇತ್ತು. ಆಕೆ ಬೇಡವೆನ್ನಲಿಲ್ಲ.

*

ಗಂಡ ವಿರುಪಾಕ್ಷಪ್ಪ ಎರಡನೆಯ ಸಲ ಟಿಕೆಟ್ ಕೇಳಲು ಹೋದಾಗ ಆಕೆಯೂ ಜೊತೆಗಿದ್ದಳು. ಕಾರಿನೊಳಗಿಂದ ಅಧ್ಯಕ್ಷರ ಮನೆಯ ವರಾಂಡ ಕಾಣುತ್ತಿತ್ತು. ಸಾಲಾಗಿ ಕುರ್ಚಿಗಳಿದ್ದವು. ನಿನ್ನೆ ಮೊನ್ನೆ ಪಕ್ಷ ಸೇರಿದ ಹುಡುಗರೂ ಕಾಲಮೇಲೆ ಕಾಲು ಹಾಕಿ ಕೂತಿದ್ದರು. ಸಾವಿರಾರು ಸೈನಿಕರು ಎದ್ದು ನಿಂತು ಗೌರವಿಸಿದ್ದ ಮನುಷ್ಯ, ಯಾರೂ ಕೂತುಕೊಳ್ಳಿ ಎನ್ನಲಿಲ್ಲವೆಂದು, ಕೈ ಹಿಂದೆ ಕಟ್ಟಿಕೊಂಡು ಮಧ್ಯಾಹ್ನವೆಲ್ಲ ನಿಂತಿದ್ದ.

"ನೀವಾ ಕುಂದರಬೇಕಿತ್ತಿಲ್ಲರಿ," ಎಂದಳು ವಾಪಸು ಬರುವಾಗ.

"ಹೇಳದ ಕುಂತ ರೂಢಿಯಿಲ್ಲ ನನಗ."

ಮನೆಗೆ ಬಂದವನು ಡೈನಿಂಗ್ ಟೇಬಲ್ ಬಿಟ್ಟು, ಒಲೆಯ ಮುಂದೆ ಅವಳ ಪಕ್ಕ ನೆಲದ ಮೇಲೆ ಕೂತ. ಮೊಣಕಾಲು ನೋಯುತ್ತಿದ್ದರೂ ಚಕ್ಕಳಮಕ್ಕಳ ಹಾಕಿದ. ಅರ್ಧ ರೊಟ್ಟಿ ತಿಂದು ಹೇಳಿದ: "ನಾ ಹ್ವಾದ ಮ್ಯಾಲ ತ್ವಾಟದಾಗ ಕುಂದರಸ್ರಿ. ನಮ್ಮಪ್ಪನ್ನ ಕುಂದರಿಸಿದಂಗ. ಪೆಟ್ಟಿಗಿ ಬ್ಯಾಡ. ಪೆಟ್ಟಿಗಿ ಭಾಳ ಕಳಿಸೇನಿ ನಾ, ಎಷ್ಟೋ ತಾಯಂದ್ರ ಮನಿಗಿ."

"ಉಣ್ಣಾಗ ಇವೆಂಥಾ ಮಾತರಿ?" ಎಂದಳು.

"ಮಾತ ಕೊಡು."

ಕೊಟ್ಟಿದ್ದಳು.

*

ನೀರು ಆರಿತ್ತು. ಕಾಮಣ್ಣ ಟವೆಲ್ ಹಿಂಡಿ ಬದಿಗಿಟ್ಟ.

"ಒಂದ ದಾರಿ ಐತಿ ವೈನಿ. ಹೇಳಾಕ ಬಾಯಿ ಬರವಲ್ದು."

"ಹೇಳು."

"ಮುರೀಬೇಕಾಕ್ಕೈತಿ. ಎರಡೂ ಮೊಣಕಾಲ."

ಭರತ ಗೋಡೆಗೆ ಮುಖ ಮಾಡಿದ. ಸಂಸ್ಕಾರ ಮಾಡಿಸಲು ಬಂದು ಹೊಸ್ತಿಲ ಬಳಿ ನಿಂತಿದ್ದ ಅಯ್ಯನವರು ಕೆಮ್ಮಿದರು. "ನೀವು ಹೂಂ ಅಂದ್ರ ಹೊರಗ ಹೋಗ್ರಿ ಅವ್ವಾರ. ನೋಡಬಾರದು."

ಶಿವಗಂಗವ್ವ ಒದ್ದೆ ಮೊಣಕಾಲಿನ ಮೇಲೆ ಅಂಗೈ ಇಟ್ಟಳು. ಹೊರಗಿನ ಮಾತು ನಿಂತಿತ್ತು.

"ಬ್ಯಾಡ," ಎಂದಳು. "ಕುಣಿ ಉದ್ದ ಮಾಡಸು, ಕಾಮಣ್ಣ. ಪೆಟ್ಟಿಗಿ ಮಾತ್ರ ಬ್ಯಾಡ."

"ಅವ್ವಾ, ನಾ..." ಎಂದ ಭರತ.

"ನೀ ಹೋಗಿ ಹಾರ ಇಸಗೋ. ತಂದವ್ರು ನಿಂತಾರ."

ತೋಟದಲ್ಲಿ ಸೈನಿಕರು ಗಾಳಿಯಲ್ಲಿ ಗುಂಡು ಹಾರಿಸಿದರು. ಅಧಿಕಾರಿಯೊಬ್ಬ ಮಡಿಸಿದ ಧ್ವಜವನ್ನು ಭರತನ ಕೈಗಿತ್ತ. ಆಮೇಲೆ ದೇಹವನ್ನು ಬಿಳಿ ಬಟ್ಟೆಯಲ್ಲಿ, ಹೊಸದಾಗಿ ಅಗೆದು ಉದ್ದ ಮಾಡಿದ ಕುಣಿಗೆ ಇಳಿಸಿದರು.

ಅಯ್ಯನವರು ಸಾಹೇಬರ ಕೊರಳ ಇಷ್ಟಲಿಂಗ ಬಿಚ್ಚಿ ಎಡ ಅಂಗೈಯಲ್ಲಿಡಲು ಬಗ್ಗಿದರು. ಕೂತಿದ್ದರೆ ಆ ಕೈ ಪೂಜೆಗೆಂಬಂತೆ ಎದೆಯ ಮುಂದಿರುತ್ತಿತ್ತು. ಈಗ ಕವಾಯತಿನಲ್ಲಿ ನಿಂತವನ ಕೈಯಂತೆ ತೊಡೆಗೆ ಅಂಟಿಕೊಂಡು ಸೆಟೆದಿತ್ತು. ಬೆರಳು ಬಿಡಿಸಲಾಗಲಿಲ್ಲ. ಇಟ್ಟ ಲಿಂಗ ಜಾರಿ ಮಣ್ಣಿಗೆ ಬಿತ್ತು.

ಶಿವಗಂಗವ್ವ ಕಾಮಣ್ಣನ ಹೆಗಲು ಹಿಡಿದು ಕುಣಿಯೊಳಗೆ ಇಳಿದಳು. ಲಿಂಗವನ್ನು ಸೆರಗಿನಿಂದ ಒರೆಸಿ ಗಂಡನ ಬೆರಳುಗಳಿಗೆ ತಾಗಿಸಿದಳು. ಬೀಳದಂತೆ ತನ್ನ ಅಂಗೈಯನ್ನು ಅಡಿಗೆ ಕೊಟ್ಟಳು.

"ಮ್ಯಾಲ ಬರ್ರಿ ಅವ್ವಾರ," ಎಂದರು ಅಯ್ಯನವರು. "ಮಣ್ಣ ಕೊಡಬೇಕು."

"ಕೊಡ್ರಿ."

ಗುದ್ದಲಿ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿದರು. ಕಾಮಣ್ಣ ಅಳುತ್ತಲೇ ಕಾಲಿನ ಕಡೆಯಿಂದ ಮೊದಲ ಹಿಡಿ ಹಾಕಿದ. ಕಪ್ಪು ಹಸಿಮಣ್ಣು ಪಾದ ಮುಚ್ಚಿ, ತೊಡೆ ಮುಚ್ಚಿ ಮೇಲೇರಿತು. ಆಕೆಯ ಬಳೆಯಿಲ್ಲದ ಮಣಿಕಟ್ಟಿನವರೆಗೆ ಬಂತು. ಕೈ ಕದಲಲಿಲ್ಲ.